ಲಾಯೂನ್: ಒಂದೇ ಹೆಸರಿನ ಎರಡು ಊರು

ಲಾಯೂನ್ ವಾಯವ್ಯ ಆಫ್ರಿಕಾದಲ್ಲಿ ಮೊರೊಕ್ಕೊದ ದಕ್ಷಿಣಕ್ಕಿರುವ ಪಶ್ಚಿಮ ಸಹಾರಾದ ಅತಿ ದೊಡ್ಡ ನಗರ. ಅರಬಿಯ ‘ಅಲ್ ಉಯೂನ್’ ಎಂದರೆ ಒರತೆಗಳು. ಬಹುತೇಕ ಒಣಗಿಯೇ ಇರುವ ಸಾಗಿಯಾ ಎಲ್ ಹಮ್ರಾ ನದಿಯ ಪಾತ್ರದಲ್ಲಿ ನೀರು ಸಿಕ್ಕಿದ್ದರಿಂದ 1938ರಲ್ಲಿ ಸ್ಪೇನಿನವರು ಇಲ್ಲಿ ನೆಲೆಯೂರಿದರು. 1940ರಲ್ಲಿ ಇದೇ ಸ್ಪ್ಯಾನಿಷ್ ಸಹಾರಾದ (ಸ್ಪೇನಿನ ಆಳ್ವಿಕೆಯಲ್ಲಿ ಈ ಪ್ರದೇಶಕ್ಕಿದ್ದ ಹೆಸರು) ರಾಜಧಾನಿಯಾಯಿತು. ಊರಿನ ಆಗ್ನೇಯಕ್ಕಿರುವ ಬು ಕ್ರಾದಲ್ಲಿ ಫಾಸ್ಫೇಟ್ ಗಣಿ ಇದೆ. ಅಲ್ಲಿಂದ ಲಾಯೂನ್ ಬಳಿಯ ಬಂದರಿಗೆ ಅದಿರು ಸಾಗಿಸುವ ಕನ್ವೇಯರ್ ಬೆಲ್ಟಿನ ಉದ್ದ 100 ಕಿ.ಮೀ. ಹತ್ತಿರ. ಅದರಿಂದ ಹಾರಿ ನೆಲಕ್ಕೆ ಕೂತ ಬಿಳಿ ಪುಡಿ ಉಪಗ್ರಹ ಚಿತ್ರದಲ್ಲೂ ಕಾಣುತ್ತದೆ.

ಇಲ್ಲಿನ ಮೂಲ ಜನ ಸಹರಾವಿಗಳು, ಅವರ ಮಾತು ಹಸ್ಸಾನಿಯಾ ಅರಬಿ. 1970ರ ಜೂನ್ 17ರಂದು ಊರಿನ ಝೆಮ್ಲಾ ಬಡಾವಣೆಯಲ್ಲಿ ಸ್ಪೇನ್ ಆಡಳಿತದ ವಿರುದ್ಧ ಸೇರಿದವರ ಮೇಲೆ ಗುಂಡು ಹಾರಿತು. ಸೆರೆಯಾದ ಮುಂದಾಳು ಮೊಹಮ್ಮದ್ ಬಸ್ಸಿರಿ ಮತ್ತೆಂದೂ ಮರಳಲಿಲ್ಲ.

1975ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ, ಈ ನೆಲ ತನ್ನದೆಂಬ ಮೊರೊಕ್ಕೊದ ವಾದದ ಬಗ್ಗೆ ತನ್ನ ಅಭಿಪ್ರಾಯ ಹೇಳಿತು: ಕೆಲವು ಬುಡಕಟ್ಟುಗಳಿಗೆ ಮೊರೊಕ್ಕೊ ಸುಲ್ತಾನನೊಡನೆ ನಿಷ್ಠೆಯ ನಂಟು ಇದ್ದದ್ದು ನಿಜ, ಆದರೆ ನೆಲದ ಒಡೆತನ ಸಾಬೀತಾಗಿಲ್ಲ. ಮೂರು ವಾರದಲ್ಲೇ 3.5 ಲಕ್ಷ ಮೊರೊಕ್ಕನ್ನರು ‘ಹಸಿರು ನಡಿಗೆ’ಯಲ್ಲಿ ಗಡಿಗೆ ಬಂದರು. ಮರುವರ್ಷ ಫೆಬ್ರವರಿಯಲ್ಲಿ ಸ್ಪೇನ್ ಹೊರನಡೆಯಿತು, ನಗರ ಮೊರೊಕ್ಕೊದ ಕೈಸೇರಿತು. ಸಹರಾವಿಗಳ ಪೊಲಿಸಾರಿಯೊ ರಂಗ ತನ್ನದೇ ಗಣರಾಜ್ಯ ಘೋಷಿಸಿ ಯುದ್ಧಕ್ಕಿಳಿಯಿತು.

ಓಡಿಹೋದ ಸಾವಿರಾರು ಕುಟುಂಬಗಳು ಅಲ್ಜೀರಿಯಾದ ಟಿಂಡೂಫ್ ಬಳಿ ಬಿಡಾರ ಹೂಡಿದವು. ಆ ಶಿಬಿರಗಳಿಗೆ ಅವರು ಬಿಟ್ಟುಬಂದ ಊರುಗಳ ಹೆಸರೇ: ಸ್ಮಾರಾ, ದಾಖ್ಲಾ, ಅವ್ಸೆರ್ದ್, ಬೂಜ್ದೂರ್, ಮತ್ತು ಎಲ್ ಅಯೂನ್, ಅಂದರೆ ಲಾಯೂನ್. ಅಲ್ಲಿ ಹುಟ್ಟಿದ ಮೂರನೆಯ ತಲೆಮಾರಿಗೂ ಊರಿನ ಹೆಸರು ಗೊತ್ತು, ಊರು ಗೊತ್ತಿಲ್ಲ. ಶಿಬಿರಗಳಿಗೂ ಆ ಊರುಗಳಿಗೂ ನಡುವೆ ಮೊರೊಕ್ಕೊ ಎಬ್ಬಿಸಿದ ಸುಮಾರು 2,700 ಕಿ.ಮೀ. ಉದ್ದದ ಮರಳು ಗೋಡೆ, ಸುತ್ತ ನೆಲಬಾಂಬು. ಈ ವಿವಾದವನ್ನು ಬರೀ ನಕ್ಷೆಯ ಗೆರೆಯಾಗಿ ನೋಡುವವರು ಈ ಎರಡನೆಯ ಲಾಯೂನನ್ನು ಮರೆಯಬಾರದು ಎಂಬುದು ನನ್ನ ಬಲವಾದ ಅನಿಸಿಕೆ.

ಸಹರಾವಿ ಗಣರಾಜ್ಯಕ್ಕೆ ಭಾರತ 1985ರಲ್ಲಿ ಮಾನ್ಯತೆ ಕೊಟ್ಟು 2000ದಲ್ಲಿ ಹಿಂಪಡೆಯಿತು. ಇತ್ತ ಮೊರೊಕ್ಕೊದ ಲಾಯೂನಿನಲ್ಲಿ ಹೊಸ ಬಡಾವಣೆಗಳೆದ್ದವು, ಉತ್ತರದಿಂದ ಬಂದು ನೆಲೆಸಿದವರೂ ಬಹಳ. 2014ರ ಜನಗಣತಿಯಲ್ಲಿ ಜನಸಂಖ್ಯೆ ಎರಡು ಲಕ್ಷ ದಾಟಿತ್ತು.

1991ರ ಕದನವಿರಾಮದ ಬಳಿಕ, ಸ್ವಾತಂತ್ರ್ಯವೋ ಮೊರೊಕ್ಕೊದೊಡನೆ ಸೇರುವುದೋ ಎಂದು ಜನಮತ ನಡೆಸಲೆಂದೇ ವಿಶ್ವಸಂಸ್ಥೆ ಲಾಯೂನಿನಲ್ಲಿ ಕಚೇರಿ ತೆರೆಯಿತು. ತಕರಾರು ಎದ್ದದ್ದು ಮತದಾರರ ಪಟ್ಟಿಯಲ್ಲಿ. 1974ರ ಸ್ಪೇನ್ ಗಣತಿಯಲ್ಲಿದ್ದ ಸುಮಾರು 74 ಸಾವಿರ ಜನರೇ ಆಧಾರವಾಗಲಿ ಎಂದು ಪೊಲಿಸಾರಿಯೊ ಹಟ ಹಿಡಿದರೆ, ಇನ್ನೂ ಬಹಳ ಮಂದಿಯನ್ನು ಸೇರಿಸಬೇಕೆಂದು ಮೊರೊಕ್ಕೊ ಪಟ್ಟು ಹಿಡಿಯಿತು. ಆ ಜನಮತ ನಡೆಯಲೇ ಇಲ್ಲ.