ಹೆರಾಲ್ಡ್‌ನ ಟ್ರನಿಯನ್‌ಗೆ ಗ್ರೀಸೋ, ಆಯಿಲ್ಲೋ?

ಪ್ರಶ್ನೆ: ನನ್ನ ಹತ್ತಿರ 1968ರ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಇದೆ. ಮುಂದಿನ ಎಡಗಡೆ ಚಕ್ರ ಅಲ್ಲಾಡುತ್ತದೆ. ಟ್ರನಿಯನ್ (ಚಕ್ರ ಹಿಡಿದಿರುವ ಲಿಂಕಿನ ಬುಡ ಕೂರುವ ಥ್ರೆಡ್ ತುಂಡು) ಹೋಗಿದೆ, ಹೊಸದು ಹಾಕಿ ಚೆನ್ನಾಗಿ ಗ್ರೀಸ್ ಹೊಡೆದರೆ ಆಯ್ತು ಅಂತ ಮೆಕ್ಯಾನಿಕ್ ಹೇಳುತ್ತಾರೆ. ನೀವು ಗ್ರೀಸ್ ಬೇಡ ಅಂತೀರಿ. ಯಾವುದು ಸರಿ?

ಆಯಿಲ್. ಇಪಿ 90 ಗೇರ್ ಆಯಿಲ್. ಹಿಂದಿನ ಚಕ್ರಗಳ ನಡುವಿನ ಗೇರ್ ಪೆಟ್ಟಿಗೆ, ಅಂದರೆ ಡಿಫರೆನ್ಷಿಯಲ್‌ಗೆ ಹಾಕುತ್ತೀರಲ್ಲ, ಅದೇ. ಹೆರಾಲ್ಡ್ ಇಟ್ಟುಕೊಂಡಿರುವವರು ನನಗೆ ಕೇಳುವ ಪ್ರಶ್ನೆಗಳಲ್ಲಿ ಅರ್ಧ ಇದೊಂದೇ. ಉತ್ತರ ಕೇಳಿ ತಲೆ ಆಡಿಸುತ್ತಾರೆ, ಮುಂದಿನ ತಿಂಗಳು ಸರ್ವೀಸ್ ಸ್ಟೇಷನ್‌ನಲ್ಲಿ ಗ್ರೀಸ್ ಹೊಡೆಸಿಕೊಂಡು ಬರುತ್ತಾರೆ. ಅದಕ್ಕೇ ಈ ಸಲ ಕಾರಣ ಸಮೇತ ಬರೆಯುತ್ತಿದ್ದೇನೆ.

ಮೊದಲು ಹೋಗಿರುವುದು ಟ್ರನಿಯನ್ನೇ ಹೌದಾ ನೋಡಿಕೊಳ್ಳಿ. ಜಾಕ್ ಹಾಕಿ ಚಕ್ರ ಎತ್ತಿ, ಟೈರಿನ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಅಲ್ಲಾಡಿಸಿ. ಈಗ ಮನೆಯವರು ಯಾರಾದರೂ ಬ್ರೇಕ್ ಒತ್ತಿ ಹಿಡಿಯಲಿ. ಅಲ್ಲಾಟ ನಿಂತರೆ ಅದು ವೀಲ್ ಬೇರಿಂಗ್. ನಿಲ್ಲದಿದ್ದರೆ ಕೆಳಗಿನ ಟ್ರನಿಯನ್ ಅಥವಾ ಮೇಲಿನ ಬಾಲ್ ಜಾಯಿಂಟ್. ಎರಡು ನಿಮಿಷದ ಕೆಲಸ, ದುಡ್ಡು ಖರ್ಚಿಲ್ಲ.

ಈಗ ಈ ಟ್ರನಿಯನ್ ಏನು ಮಾಡುತ್ತದೆ ನೋಡಿ. ಹೆರಾಲ್ಡ್‌ನ ಮುಂದಿನ ಚಕ್ರವನ್ನು ಹಿಡಿದಿರುವುದು ಒಂದು ನೆಟ್ಟಗಿನ ಉಕ್ಕಿನ ತುಂಡು, ಅದಕ್ಕೆ ವರ್ಟಿಕಲ್ ಲಿಂಕ್ ಅಂತ ಹೆಸರು. ಅದರ ತಲೆಗೆ ಬಾಲ್ ಜಾಯಿಂಟ್ ಇದೆ. ಬುಡದಲ್ಲಿ ಮಾತ್ರ ಬೋಲ್ಟಿಗೆ ಇರುವ ಹಾಗೆ ಥ್ರೆಡ್ ಇದೆ, ಆ ಥ್ರೆಡ್ ಹಿತ್ತಾಳೆ ಬಣ್ಣದ ಒಂದು ತುಂಡಿನೊಳಗೆ ತಿರುಗುತ್ತಾ ಹೋಗಿ ಕೂರುತ್ತದೆ. ಆ ತುಂಡೇ ಟ್ರನಿಯನ್. ನೀವು ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಲಿಂಕ್ ಅದರೊಳಗೆ ಸ್ಕ್ರೂ ಥರ ಒಂದಿಷ್ಟು ಮೇಲೆ, ಒಂದಿಷ್ಟು ಕೆಳಗೆ ಹೋಗುತ್ತದೆ. ಸ್ಪ್ರಿಂಗ್ ಕೂತಿರುವುದು ಟ್ರನಿಯನ್ನನ್ನು ಚಾಸಿಗೆ ಜೋಡಿಸುವ ಕೆಳಗಿನ ಆರ್ಮ್ ಮೇಲೆ. ಹಾಗಾಗಿ ಕಾರಿನ ಮುಂಭಾಗದ ಭಾರ ನಿಂತಿರುವುದು ಈ ಥ್ರೆಡ್ ಮೇಲೆ. ಮೇಲಿನ ಬಾಲ್ ಜಾಯಿಂಟ್‌ಗೆ ಭಾರವೇ ಕಡಿಮೆ. ಇನ್ನು ಹೆರಾಲ್ಡ್ 25 ಅಡಿ ಜಾಗದಲ್ಲಿ ಪೂರ್ತಿ ಸುತ್ತು ತಿರುಗುವ ಕಾರು, ಅಷ್ಟು ತಿರುಗಬೇಕಾದರೆ ಥ್ರೆಡ್ಡೂ ಅಷ್ಟು ಸವೆಯುವ ಕೆಲಸ ಮಾಡುತ್ತದೆ. ಎಣ್ಣೆ ಸೇರಬೇಕಾದದ್ದು ಭಾರ ಬಿದ್ದು ಒತ್ತಿಕೊಂಡಿರುವ ಆ ಎರಡು ಲೋಹಗಳ ನಡುವಿನ ಕೂದಲೆಳೆಯಷ್ಟು ಸಂದಿಗೆ.

ಆ ಸಂದಿಗೆ ಗ್ರೀಸ್ ಹೋಗುವುದಿಲ್ಲ. ಗ್ರೀಸ್ ಗನ್ನಿನಿಂದ ಒತ್ತಿದಾಗ ಎಲ್ಲಿ ಜಾಗ ಸಡಿಲ ಇದೆಯೋ ಅಲ್ಲಿಂದ ದಾರಿ ಮಾಡಿಕೊಂಡು ಮೇಲಿನ ಸೀಲ್ ಹತ್ತಿರ ಹೊರಗೆ ಬರುತ್ತದೆ. ಮೇಲೆ ಬಂತು ಅಂದರೆ ಒಳಗೆಲ್ಲ ತುಂಬಿದೆ ಅಂತ ಎಲ್ಲರೂ ಖುಷಿಯಾಗುತ್ತಾರೆ. ಭಾರ ಬಿದ್ದಿರುವ ಮಗ್ಗುಲು ಒಣಗಿಯೇ ಇರುತ್ತದೆ. ವರ್ಷ ಕಳೆದಂತೆ ಒಳಗಿನ ಗ್ರೀಸ್ ಗಟ್ಟಿಯಾಗಿ ಮೇಣದ ಹಾಗಾಗುತ್ತದೆ, ಆಮೇಲೆ ನೀವು ಆಯಿಲ್ ಹಾಕುತ್ತೇನೆ ಅಂದರೂ ದಾರಿ ಇರುವುದಿಲ್ಲ. ಮಳೆನೀರು ಸೀಲ್ ಪಕ್ಕದಿಂದ ಇಳಿದು ಅಲ್ಲೇ ನಿಲ್ಲುತ್ತದೆ. ಉಕ್ಕು ತುಕ್ಕು ಹಿಡಿಯುತ್ತದೆ. ಹಿತ್ತಾಳೆ ಬಣ್ಣದ ತುಂಡು ಸವೆದರೆ ಅಲ್ಲಾಡಿ ಸೂಚನೆ ಕೊಡುತ್ತದೆ, ಲಿಂಕ್ ಹಾಗಲ್ಲ, ಅದು ಒಂದೇ ಸಲ ಮುರಿಯುತ್ತದೆ.

ನಮ್ಮ ಸೋದರಮಾವನ ಹೆರಾಲ್ಡ್ ಮುರಿದದ್ದು ಮನೆಯ ಗೇಟಿನಲ್ಲಿ, ಸ್ಟೇರಿಂಗ್ ಪೂರ್ತಿ ತಿರುಗಿಸಿ ಒಳಗೆ ತರುವಾಗ. ನಡೆಯುವ ವೇಗ, ಯಾರಿಗೂ ಏನೂ ಆಗಲಿಲ್ಲ, ಚಕ್ರ ಮಾತ್ರ ಮಡ್ಗಾರ್ಡ್ ಕೆಳಗೆ ಮಡಚಿಕೊಂಡಿತು. ಅದಕ್ಕೆ ತಿಂಗಳು ತಪ್ಪದೆ ಗ್ರೀಸ್ ಬೀಳುತ್ತಿತ್ತು. ಮುರಿದ ಲಿಂಕ್ ಇನ್ನೂ ನನ್ನ ಹತ್ತಿರ ಇದೆ. ಮುರಿದ ಮುಖದಲ್ಲಿ ಮುಕ್ಕಾಲು ಭಾಗ ಕಂದು ಬಣ್ಣ, ಅಂದರೆ ಅಲ್ಲಿ ಎಂದೋ ಬಿರುಕು ಬಿಟ್ಟು ತುಕ್ಕು ಹಿಡಿದಿತ್ತು. ಉಳಿದ ಕಾಲು ಭಾಗ ಮಾತ್ರ ಹೊಸದಾಗಿ ಹೊಳೆಯುತ್ತಿತ್ತು. ಆ ಕಾಲು ಭಾಗದ ಮೇಲೆ ಮಾವ, ಅತ್ತೆ, ನಾವೆಲ್ಲ ಎಷ್ಟು ದಿನ ಓಡಾಡಿದೆವೋ. ನಾನು ಈ ವಿಷಯದಲ್ಲಿ ಹಟ ಹಿಡಿಯುವುದು ಅದಕ್ಕೆ.

"ಮೂವತ್ತು ವರ್ಷದಿಂದ ಗ್ರೀಸೇ ಹಾಕ್ತಿದೀವಿ, ಏನೂ ಆಗಿಲ್ಲ" ಅನ್ನುವವರಿಗೆ ಆ ತುಂಡನ್ನೇ ತೋರಿಸುತ್ತೇನೆ. ಮುರಿಯುವ ಹಿಂದಿನ ದಿನದವರೆಗೆ ಅದಕ್ಕೂ ಏನೂ ಆಗಿರಲಿಲ್ಲ.

ಇನ್ನೊಂದು ವಾದ ಇದೆ: "ಗ್ರೀಸ್ ಬೇಡ ಅಂದರೆ ನಿಪ್ಪಲ್ ಯಾಕೆ ಕೊಟ್ಟಿದ್ದಾರೆ?" ನಿಪ್ಪಲ್ ಅಂದರೆ ಗನ್ನಿನ ಬಾಯಿ ಕೂರಿಸುವ ಸಣ್ಣ ಮೂತಿ. ಅದನ್ನು ಕೊಟ್ಟಿಲ್ಲ. ಕಂಪನಿಯಿಂದ ಬಂದಾಗ ಅಲ್ಲಿ ಇದ್ದದ್ದು ಒಂದು ಸಣ್ಣ ಪ್ಲಗ್. ಅದನ್ನು ಬಿಚ್ಚಿ, ನಿಪ್ಪಲ್ ಹಾಕಿ, ಆಯಿಲ್ ಒತ್ತಿ, ಮತ್ತೆ ಪ್ಲಗ್ ಹಾಕಬೇಕು. ಯಾರೋ ಒಬ್ಬರು ಸುಮ್ನೆ ಯಾಕೆ ಬಿಚ್ಚೋದು ಅಂತ ನಿಪ್ಪಲ್ಲನ್ನು ಅಲ್ಲೇ ಬಿಟ್ಟರು. ಸರ್ವೀಸ್ ಸ್ಟೇಷನ್ ಹುಡುಗನಿಗೆ ನಿಪ್ಪಲ್ ಕಂಡರೆ ಗ್ರೀಸ್ ಗನ್ ಇಡುವುದೇ ಅಭ್ಯಾಸ, ಅದರಲ್ಲಿ ಅವನ ತಪ್ಪಿಲ್ಲ. ಈಗಲೇ ಹೋಗಿ ನೋಡಿ, ನಿಮ್ಮ ಕಾರಿನಲ್ಲಿ ನಿಪ್ಪಲ್ ಇದ್ದರೆ ಬಿಚ್ಚಿ ಪ್ಲಗ್ ಹಾಕಿಬಿಡಿ.

ಒಂದು ಮಾತು ಒಪ್ಪುತ್ತೇನೆ. ಪೂರ್ತಿ ಒಣಗಿರುವುದಕ್ಕಿಂತ ಗ್ರೀಸ್ ವಾಸಿ. ಆಯಿಲ್ ನಿಧಾನವಾಗಿ ಸೋರುವುದೂ ನಿಜ. ಸೋರಿದರೆ ಮತ್ತೆ ಹಾಕಬೇಕು, ಅಷ್ಟೇ. ನಾನು 2,000 ಕಿ.ಮೀ.ಗೆ ಒಮ್ಮೆ ಹಾಕುತ್ತೇನೆ, ಅದಲ್ಲದೆ ಮಳೆಗಾಲದ ಹಿಂದೆ ಮುಂದೆ ಒಂದೊಂದು ಸಲ. ಚಕ್ರ ನೆಲದಿಂದ ಎತ್ತಿರಬೇಕು, ಆಗ ಥ್ರೆಡ್ ಮೇಲಿನ ಭಾರ ಇಳಿಯುತ್ತದೆ. ಸ್ಟೇರಿಂಗ್ ಈ ಕೊನೆಯಿಂದ ಆ ಕೊನೆಗೆ ತಿರುಗಿಸುತ್ತಾ, ಮೇಲಿನ ಸೀಲ್ ಹತ್ತಿರ ಶುದ್ಧ ಎಣ್ಣೆ ಬರುವವರೆಗೆ ಒತ್ತಿ. ಇದಕ್ಕೆ ಒಂದು ಗನ್ ಬೇರೆಯೇ ಇಟ್ಟುಕೊಳ್ಳಿ.

ನಿಮ್ಮ ಕಾರಿನ ವಿಷಯಕ್ಕೆ ಬರೋಣ. ಹೊಸ ಟ್ರನಿಯನ್ ಮಾತ್ರ ಹಾಕಬೇಡಿ. ಹಳೆಯದನ್ನು ಬಿಚ್ಚಿ, ಲಿಂಕಿನ ಥ್ರೆಡ್ಡನ್ನು ಸೀಮೆಎಣ್ಣೆಯಲ್ಲಿ ತೊಳೆದು, ತಂತಿ ಬ್ರಷ್‌ನಿಂದ ಉಜ್ಜಿ, ಥ್ರೆಡ್ ಮೇಲ್ಗಡೆ ಮುಗಿಯುವ ಜಾಗ ನೋಡಿ. ಮುರಿಯುವುದು ಅಲ್ಲೇ. ಚುಕ್ಕೆ ಚುಕ್ಕೆ ತುಕ್ಕಿನ ಗುಂಡಿ ಕಂಡರೆ ಲಿಂಕನ್ನೂ ಬದಲಿಸಿ. ಅನುಮಾನ ಇದ್ದರೆ ಬಿರುಕು ತೋರಿಸುವ ಬಣ್ಣ ಹಚ್ಚಿ ಪರೀಕ್ಷೆ ಮಾಡುವ ವರ್ಕ್‌ಶಾಪ್‌ಗಳಿವೆ, ಅಲ್ಲಿ ಕೊಡಿ. ವೆಲ್ಡಿಂಗ್ ಮಾತ್ರ ಖಂಡಿತ ಬೇಡ. ಇನ್ನೊಂದು, ಎಡ ಬಲದ ಟ್ರನಿಯನ್ ಬೇರೆ ಬೇರೆ, ಒಂದರದ್ದು ಉಲ್ಟಾ ಥ್ರೆಡ್. ಪೂರ್ತಿ ಒಳಗೆ ತಿರುಗಿಸಿ, ಆಮೇಲೆ ಸುಮಾರು ಒಂದು ಸುತ್ತು ಹಿಂದಕ್ಕೆ ಬಿಡಬೇಕು, ಇಲ್ಲದಿದ್ದರೆ ಒಂದು ಕಡೆ ತಿರುಗಿಸಿದಾಗ ತಳಕ್ಕೆ ತಾಗುತ್ತದೆ. ಶಾಕ್ ಅಬ್ಸಾರ್ಬರನ್ನು ಸ್ಪ್ರಿಂಗ್ ಸಮೇತ ಇಳಿಸಿದರೆ ಅದರ ನೆತ್ತಿಯ ನಡುವಿನ ನಟ್ ಮುಟ್ಟಬೇಡಿ, ಸ್ಪ್ರಿಂಗನ್ನು ಅದುಮಿ ಹಿಡಿದಿರುವುದೇ ಅದು.

ಅಂದ ಹಾಗೆ ಇದೇ ವರ್ಟಿಕಲ್ ಲಿಂಕನ್ನು ಇಂಗ್ಲೆಂಡಿನ ಲೋಟಸ್ ಕಂಪನಿ ತನ್ನ ಎಲಾನ್ ಕಾರಿಗೂ ಹಾಕಿತ್ತು. ಮದ್ರಾಸಿನಲ್ಲಿ 1961ರಿಂದ ತಯಾರಾಗುತ್ತಿದ್ದ ನಮ್ಮ ಹೆರಾಲ್ಡ್‌ನ ಸಸ್ಪೆನ್ಷನ್ ಅಷ್ಟು ಒಳ್ಳೆಯದು. ಡಿಸೈನ್ ಕೆಟ್ಟದು ಅನ್ನುವವರ ಮಾತು ಕೇಳಬೇಡಿ.

ನೀವು ಕೇಳದೇ ಇದ್ದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಕೆಲಸಕ್ಕೆ ಕೈ ಹಾಕಿದ ಮೇಲೆ ಆರ್ಮ್‌ಗಳ ಕೀಲಿನಲ್ಲಿ ಕೂರುವ ರಬ್ಬರ್ ಬುಷ್ಷೂ ಬದಲಿಸುತ್ತೀರಿ, ಅಲ್ವಾ? ಆ ಬೋಲ್ಟ್‌ಗಳನ್ನು ಚಕ್ರ ಗಾಳಿಯಲ್ಲಿ ನೇತಾಡುವಾಗ ಬಿಗಿ ಮಾಡಬೇಡಿ. ರಬ್ಬರ್ ಬುಷ್ ಉಜ್ಜಿಕೊಂಡು ತಿರುಗುವುದಿಲ್ಲ, ತಾನೇ ತಿರುಚಿಕೊಳ್ಳುತ್ತದೆ. ನೇತಾಡುವಾಗ ಬಿಗಿ ಮಾಡಿದರೆ ಕಾರು ನೆಲಕ್ಕೆ ಇಳಿದ ಕ್ಷಣದಿಂದಲೇ ತಿರುಚಿಕೊಂಡಿರುತ್ತದೆ, ಬೇಗ ಹರಿಯುತ್ತದೆ. "ಈಗಿನ ಬುಷ್ ಬಾಳಿಕೆ ಬರಲ್ಲ" ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ, ಮಾರುತಿ 800ರ ಲೋಯರ್ ಆರ್ಮ್‌ಗೂ ಇದೇ ಮಾತು. ಬೋಲ್ಟ್ ಸಡಿಲ ಇಟ್ಟು ಕಾರು ಇಳಿಸಿ, ಹಿಂದಕ್ಕೆ ಮುಂದಕ್ಕೆ ನಾಲ್ಕು ಸಲ ತಳ್ಳಿ, ಮುಂದಿನ ಸೀಟಿನಲ್ಲಿ ಇಬ್ಬರನ್ನು ಕೂರಿಸಿ, ಆಮೇಲೆ ಬಿಗಿ ಮಾಡಿ. ಹೆರಾಲ್ಡ್‌ನ ಬಾನೆಟ್ ಮಡ್ಗಾರ್ಡ್ ಸಮೇತ ಮುಂದಕ್ಕೆ ಬಾಗುವುದರಿಂದ ಪಾನಾ ಸುಲಭವಾಗಿ ಹೋಗುತ್ತದೆ. ಅಲೈನ್‌ಮೆಂಟ್ ಮಾಡಿಸುವುದು ಇಷ್ಟೆಲ್ಲ ಆದ ಮೇಲೆ.