ಉಳಿಸಿಕೊಂಡವನು ಕೆಟ್ಟ

ಅಥೆನ್ಸ್ ಒಲಿಂಪಿಕ್ಸ್, 2004. ಟ್ರ್ಯಾಕ್ ಸೈಕ್ಲಿಂಗ್‌ನ ‘ಕಿಲೋ’. ನಿಂತಲ್ಲಿಂದ ಹೊರಟು 250 ಮೀಟರಿನ ನಾಲ್ಕು ಸುತ್ತು, ಒಬ್ಬೊಬ್ಬರಾಗಿ. ಸೈಕಲ್ಲಿಗೆ ಒಂದೇ ಗೇರು, ಬ್ರೇಕೂ ಇಲ್ಲ. ಫ್ರಾನ್ಸಿನ ಅರ್ನೋ ತೂರ್ನಾಂ 1 ನಿಮಿಷ 0.896 ಸೆಕೆಂಡಿನಲ್ಲಿ ಮುಗಿಸಿದ್ದರು. ಕೊನೆಯಲ್ಲಿ ಬಂದ ಬ್ರಿಟನ್ನಿನ ಕ್ರಿಸ್ ಹೋಯ್ 1 ನಿಮಿಷ 0.711ಕ್ಕೆ ಮುಗಿಸಿ ಚಿನ್ನ ಗೆದ್ದರು.

ಒಂದು ನಿಮಿಷದ ಆಟಕ್ಕೆ ಶಕ್ತಿಯನ್ನು ಹಂಚಿಕೊಳ್ಳುವುದು ಹೇಗೆ? ನಮ್ಮಲ್ಲಿ ಯಾರನ್ನು ಕೇಳಿದರೂ ‘ಮೊದ್ಲು ತಡ್ಕೋ, ಕೊನೆಗೆ ಬಿಡು’ ಅಂತಾರೆ. ನಿಧಾನವೇ ಪ್ರಧಾನ, ಅಲ್ವಾ? ಕಿಲೋದಲ್ಲಿ ಈ ಮಾತು ಕೇಳಿದವನು ಸೋತ.

ಗೆರೆ ದಾಟುವಾಗ ಸೈಕಲ್ ಗಂಟೆಗೆ 60 ಕಿ.ಮೀ. ವೇಗದಲ್ಲಿದೆ, ಸವಾರನೂ ಸೇರಿ ತೂಕ 90 ಕೆಜಿ ಅಂದುಕೊಳ್ಳಿ. ಆ ವೇಗದೊಳಗೆ ಸುಮಾರು 12,500 ಜೂಲ್ ಶಕ್ತಿ ಇರುತ್ತದೆ. ಅಷ್ಟನ್ನೂ ತುಳಿದು ತುಂಬಿದ್ದು ಅವನ ಕಾಲೇ. ಗೆರೆ ದಾಟಿದ ಮೇಲೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ. ಹಾಗಾಗಿ ಬೇಗ ವೇಗ ಗಳಿಸಿ, ಕೊನೆಯ ಸುತ್ತಿನಲ್ಲಿ ಅದನ್ನೇ ಕರಗಿಸುತ್ತಾ ಬರುವವನಿಗೆ ಲಾಭ. ನೋಡೋಕೆ ಮಾತ್ರ ಸುಸ್ತಾಗಿ ಸೋಲುತ್ತಿರುವವನ ಹಾಗೆ ಕಾಣುತ್ತಾನೆ!

ಮೈಯೂ ಇದಕ್ಕೆ ಒಗ್ಗುತ್ತದೆ. ಸ್ನಾಯುಗಳಲ್ಲಿರುವ ಫಾಸ್ಫೋಕ್ರಿಯಾಟಿನ್ ಎಂಬ ಶಕ್ತಿಯ ದಾಸ್ತಾನು ಜೇಬಿನ ಚಿಲ್ಲರೆಯಂತೆ: ಕೂಡಲೇ ಸಿಗುತ್ತದೆ, ಹತ್ತು ಸೆಕೆಂಡಿನಲ್ಲಿ ಬಹುಪಾಲು ಖಾಲಿ. ಆಮೇಲೆ ಆಮ್ಲಜನಕವಿಲ್ಲದೆ ಸಕ್ಕರೆ ಒಡೆಯುವ ಕೆಲಸ ಜೋರಾಗುತ್ತದೆ, ತೊಡೆ ಉರಿಯುತ್ತದೆ. ಆಮ್ಲಜನಕದ ಬಳಕೆ ತಡವಾಗಿ ಏರುತ್ತದೆ. ಬಿರುಸಾಗಿ ಹೊರಟರೆ ಅದೂ ಸ್ವಲ್ಪ ಬೇಗ ಏರುತ್ತದೆ. ಒಂದು ಭಾನುವಾರ ಬೆಳಗ್ಗೆ ಖಾಲಿ ರಸ್ತೆಯಲ್ಲಿ ನಾನೂ ಒಂದು ಕಿಲೋಮೀಟರ್ ಹೀಗೆ ತುಳಿದು ನೋಡಿದೆ. ಅರ್ಧ ದಾರಿಗೇ ಕಾಲು ಮರದ ದಿಮ್ಮಿ. ಇಳಿದ ಮೇಲೆ ಐದು ನಿಮಿಷ ಮಾತೇ ಹೊರಡಲಿಲ್ಲ.

ಹಾಗಂತ ‘ಪರ್ಸ್ಯೂಟ್’ ಎಂಬ 4 ಕಿ.ಮೀ. ಟ್ರ್ಯಾಕ್ ಸ್ಪರ್ಧೆಯಲ್ಲಿ ಇದನ್ನೇ ಮಾಡಲು ಹೋಗಬೇಡಿ. ವೇಗ ಎರಡು ಪಟ್ಟಾದರೆ ಗಾಳಿ ಸೀಳಲು ಎಂಟು ಪಟ್ಟು ವ್ಯಾಟ್ ಬೇಕು. ಮೊದಲಲ್ಲಿ ಅತಿಯಾಗಿ ಓಡಿಸಿದ ಸಾಲಕ್ಕೆ ನಾಲ್ಕು ನಿಮಿಷ ಬಡ್ಡಿ ಕಟ್ಟಬೇಕಾಗುತ್ತದೆ. ಅಲ್ಲಿ ಚುರುಕಾಗಿ ಹೊರಟು, ಆಮೇಲೆ ಒಂದೇ ಸಮನೆ ತುಳಿಯುವವರೇ ಜಾಣರು.

ಗಾಳಿಯ ಕಾಟ ಕಡಿಮೆ ಇರಲಿ ಅಂತಲೇ ತೂರ್ನಾಂ 2001ರಲ್ಲಿ ಬೊಲಿವಿಯಾದ ಲಾ ಪಾಜ್‌ಗೆ ಹೋಗಿದ್ದರು. ಸುಮಾರು 3,400 ಮೀಟರ್ ಎತ್ತರ, ತೆಳುಗಾಳಿ. ಅಲ್ಲಿ 58.875 ಸೆಕೆಂಡಿನಲ್ಲಿ ಕಿಲೋ ಮುಗಿಸಿ ದಾಖಲೆ ಮಾಡಿದರು. 2007ರಲ್ಲಿ ಅದನ್ನು ಮುರಿಯಲು ಹೋಯ್ ಅಲ್ಲಿಗೇ ಹೋದರು: 58.880. ಆ ವೇಗದಲ್ಲಿ 0.005 ಸೆಕೆಂಡ್ ಅಂದರೆ ಎಂಟು ಸೆಂಟಿಮೀಟರ್ ಚಿಲ್ಲರೆ, ಒಂದು ಅಂಗೈ ಅಗಲ. ಅದೇ ಸಲ ಅವರು 500 ಮೀಟರ್ ‘ಫ್ಲೈಯಿಂಗ್’ ದಾಖಲೆಯನ್ನು ಮಾತ್ರ 24.758 ಸೆಕೆಂಡಿಗೆ ಇಳಿಸಿ ಬಂದರು. ಅದರಲ್ಲಿ ವೇಗ ಗಳಿಸಿಕೊಂಡ ಮೇಲೇ ಗಡಿಯಾರ ಶುರುವಾಗುವುದು.