ಇಪ್ಪತ್ನಾಲ್ಕನ್ನು ಏಳರಿಂದ ಭಾಗಿಸಿದರೆ ಮಂಗಳವಾರ

ಪಶ್ಚಿಮದಲ್ಲಿ ಎಷ್ಟೋ ಜನ ಅಪಶಕುನ ಅನ್ನುವ ಶುಕ್ರವಾರ ಹದಿಮೂರನೇ ತಾರೀಖು ಅಂದರೆ ಸ್ಪೇನಿನವರಿಗೆ ಭಯವಿಲ್ಲ. ಅವರು ಹೆದರುವುದು ಮಂಗಳವಾರ ಹದಿಮೂರಕ್ಕೆ, 'ಮಾರ್ತೆಸ್ ತ್ರೆಸೆ'ಗೆ. ಮಂಗಳವಾರ ಮದುವೆಯಾಗಬೇಡ, ಹಡಗು ಹತ್ತಬೇಡ ಅಂತ ಅಲ್ಲಿ ಹಳೇ ಗಾದೆಯೇ ಇದೆ. ನಮ್ಮಲ್ಲೂ ಮಂಗಳವಾರ ಎಷ್ಟೋ ಕ್ಷೌರದಂಗಡಿಗಳು ಬಾಗಿಲು ಹಾಕಿರುತ್ತವೆ. ಅವತ್ತು ಯಾರಿಗೂ ದುಡ್ಡು ಕೊಡಬಾರದು ಅನ್ನುವವರು ಈಗಲೂ ಇದ್ದಾರೆ. ಎರಡೂ ಕಡೆ ಹೆದರಿಕೆ ಒಂದೇ ಗ್ರಹದ್ದು. ಮಾರ್ತೆಸ್ ಅಂದರೆ ರೋಮನ್ನರ ಮಾರ್ಸ್ ದೇವರ ದಿನ, ನಮ್ಮ ಕುಜನ ದಿನ.

ಆದರೆ ಆ ದಿನ ಕುಜನ ಪಾಲಿಗೆ ಬಂದದ್ದು ಹೇಗೆ ಅಂತ ಯಾರೂ ಕೇಳುವುದೇ ಇಲ್ಲ. ಕೇಳಬೇಕು. ಅದರ ಹಿಂದೆ ಇರುವುದು ಒಂದು ಭಾಗಾಕಾರ, ಅಷ್ಟೇ.

ಸ್ಪೇನಿನ ಗೋಡೆ ಕ್ಯಾಲೆಂಡರ್‌ನ ಮೇಲಿನ ಸಾಲಿನಲ್ಲಿ ಎಲ್, ಎಮ್, ಎಕ್ಸ್, ಜೆ, ವಿ, ಎಸ್, ಡಿ ಅಂತ ಇರುತ್ತದೆ. ಲೂನೆಸ್, ಮಾರ್ತೆಸ್, ಮಿಯೆರ್ಕೊಲೆಸ್, ಹುವೆವೆಸ್, ವಿಯೆರ್ನೆಸ್, ಸಾಬಾದೊ, ದೊಮಿಂಗೊ. ವಾರ ಶುರುವಾಗುವುದು ಸೋಮವಾರದಿಂದ. ಮಂಗಳ, ಬುಧ ಎರಡೂ 'ಎಮ್' ಆದ್ದರಿಂದ ಬುಧವಾರಕ್ಕೆ 'ಎಕ್ಸ್' ಹಾಕುತ್ತಾರೆ. ಮೊದಲ ಐದು ದಿನ ಚಂದ್ರ, ಕುಜ, ಬುಧ, ಗುರು, ಶುಕ್ರ. ಥೇಟ್ ನಮ್ಮ ಕ್ರಮವೇ, ಅಲ್ವಾ? ಕೊನೆಯ ಎರಡರಲ್ಲಿ ಮಾತ್ರ ಶನಿಯ ಜಾಗಕ್ಕೆ ಯಹೂದಿಗಳ ಸಬ್ಬತ್ತು ಬಂತು, ಸೂರ್ಯನ ಜಾಗಕ್ಕೆ ಕ್ರೈಸ್ತರ ಪ್ರಭುವಿನ ದಿನ ಬಂತು.

ಈ ಕ್ರಮ ಆಕಾಶದಲ್ಲಿ ಎಲ್ಲೂ ಇಲ್ಲ. ಹಳಬರು ಗ್ರಹಗಳನ್ನು ಜೋಡಿಸಿದ್ದು ವೇಗದ ಮೇಲೆ. ಎಲ್ಲಕ್ಕಿಂತ ನಿಧಾನ ಶನಿ. ಆಮೇಲೆ ಗುರು, ಕುಜ, ರವಿ, ಶುಕ್ರ, ಬುಧ, ಕೊನೆಗೆ ಚಂದ್ರ. ದಿನದ 24 ಗಂಟೆಗೂ ಇದೇ ಸಾಲಿನಲ್ಲಿ ಒಬ್ಬೊಬ್ಬ ಒಡೆಯ. ಮೊದಲ ಗಂಟೆಯ ಒಡೆಯ ಯಾರೋ ಅವನ ಹೆಸರೇ ಇಡೀ ದಿನಕ್ಕೆ. ಪಂಕ್ತಿಯಲ್ಲಿ ಏಳು ಜನ ಕೂತಿದ್ದಾರೆ, 24 ಒಬ್ಬಟ್ಟು ಇದೆ ಅಂತಿಟ್ಟುಕೊಳ್ಳಿ. ಒಂದೊಂದೇ ಬಡಿಸುತ್ತಾ ಹೋದರೆ ಮೂರು ಸುತ್ತಿಗೆ 21 ಮುಗಿಯುತ್ತದೆ, ಉಳಿದ ಮೂರು ಮೊದಲ ಮೂವರಿಗೆ. ಮಾರನೇ ದಿನ ಬಡಿಸುವುದು ನಾಲ್ಕನೆಯವರಿಂದ.

ಮಂಗಳವಾರವನ್ನೇ ಎಣಿಸಿ ನೋಡಿ. ಒಂದನೇ ಗಂಟೆ ಕುಜನದು. ಎಂಟು, ಹದಿನೈದು, ಇಪ್ಪತ್ತೆರಡನೇ ಗಂಟೆಗಳೂ ಅವನವೇ. ಇಪ್ಪತ್ಮೂರು ರವಿ, ಇಪ್ಪತ್ನಾಲ್ಕು ಶುಕ್ರ. ಮಾರನೇ ಬೆಳಗಿನ ಮೊದಲ ಗಂಟೆ ಬುಧ. ಬಂತು ಬುಧವಾರ! ನಾಲ್ಕನೆಯವನೇ ಮಾರನೇ ದಿನದ ಒಡೆಯ ಅಂತ ನಮ್ಮ ಆರ್ಯಭಟ ಕೂಡ ಹೇಳಿದ್ದಾನೆ. ಅವನಿಗಿಂತ ಹಿಂದಿನ ರೋಮನ್ ಇತಿಹಾಸಕಾರ ಕಾಸಿಯಸ್ ಡಿಯೊ ಇದೇ ಲೆಕ್ಕವನ್ನು ಬರೆದಿಟ್ಟಿದ್ದ. 24ರ ಬದಲು ದಿನಕ್ಕೆ 20 ಗಂಟೆ ಅಂತ ಇಟ್ಟಿದ್ದರೆ ಶೇಷ ಆರು ಉಳಿಯುತ್ತಿತ್ತು. ಆಗ ಸೋಮವಾರದ ಮಾರನೇ ದಿನವೇ ಬುಧವಾರ. ದಿನವನ್ನು 24 ಭಾಗ ಮಾಡಿದ್ದು ಮನುಷ್ಯರು. ಕುಜನಿಗೆ ಅದರ ಸುದ್ದಿಯೇ ಇಲ್ಲ.

ಪಕ್ಕದ ಪೋರ್ಚುಗಲ್‌ನಲ್ಲಿ ಈ ದೇವರ ಹೆಸರುಗಳೇ ಇಲ್ಲ. 6ನೇ ಶತಮಾನದಲ್ಲಿ ಬ್ರಾಗಾದ ಬಿಷಪ್ ಮಾರ್ಟಿನ್, ಕ್ರೈಸ್ತರು ದಿನಗಳನ್ನು ಅನ್ಯದೇವರ ಹೆಸರಿನಲ್ಲಿ ಕರೆಯಬಾರದು ಅಂತ ಹಟ ಹಿಡಿದ. ಅಲ್ಲೀಗ ಮಂಗಳವಾರ ಅಂದರೆ 'ತೆರ್ಸ ಫೈರ', ಸುಮ್ನೆ ಮೂರನೇ ದಿನ. ಪೋರ್ಚುಗೀಸರು ಹೆದರುವುದು ಶುಕ್ರವಾರ ಹದಿಮೂರಕ್ಕೆ. ಗಡಿ ದಾಟಿದರೆ ಅಪಶಕುನದ ವಾರವೇ ಬದಲಾಗುತ್ತದೆ.

ಇನ್ನು ಹದಿಮೂರರ ವಿಷಯ. ಪೋಪ್ ಹದಿಮೂರನೇ ಗ್ರೆಗರಿ ಕ್ಯಾಲೆಂಡರ್ ತಿದ್ದಿದಾಗ ಸ್ಪೇನ್ ತಕ್ಷಣ ಒಪ್ಪಿಕೊಂಡಿತು. 1582ರ ಅಕ್ಟೋಬರ್ 4, ಗುರುವಾರ. ಮಾರನೇ ದಿನ ಶುಕ್ರವಾರ, ತಾರೀಖು 15. ಸ್ಪೇನಿನ ಸಂತೆ, ಆವಿಲಾ ಊರಿನ ತೆರೇಸಾ ತೀರಿಕೊಂಡದ್ದು ಅದೇ ರಾತ್ರಿ, ಆಲ್ಬಾ ದೆ ತೋರ್ಮೆಸ್ ಊರಿನಲ್ಲಿ. ಆ ತಿಂಗಳು ಸ್ಪೇನಿನಲ್ಲಿ ಹದಿಮೂರನೇ ತಾರೀಖು ಬರಲೇ ಇಲ್ಲ. ವಾರಗಳ ಸರಪಳಿ ಮಾತ್ರ ತುಂಡಾಗಲಿಲ್ಲ.

ಇಂಗ್ಲೆಂಡ್ ಈ ತಿದ್ದುಪಡಿಯನ್ನು ಒಪ್ಪಿದ್ದು 1752ರಲ್ಲಿ. ಹಾಗಾಗಿ 1588ರಲ್ಲಿ ಸ್ಪೇನಿನ ನೌಕಾಪಡೆ ಗ್ರಾವೆಲಿನ್ಸ್ ಬಳಿ ಇಂಗ್ಲಿಷರ ಜೊತೆ ಕಾದಾಡಿದ ದಿನ ಸ್ಪೇನಿನವರಿಗೆ ಆಗಸ್ಟ್ 8, ಇಂಗ್ಲಿಷರಿಗೆ ಜುಲೈ 29. ವಾರ ಇಬ್ಬರಿಗೂ ಸೋಮವಾರವೇ. ಅದೇ ವರ್ಷ ಸೆಪ್ಟೆಂಬರ್ 13 ಸ್ಪೇನಿನಲ್ಲಿ ಮಂಗಳವಾರ. ಮ್ಯಾಡ್ರಿಡ್‌ನಲ್ಲಿ ಕೆಟ್ಟ ದಿನವಾಗಿದ್ದ ಆ ಮಂಗಳವಾರ ಲಂಡನ್ನಿನಲ್ಲಿ ಬರೀ 3ನೇ ತಾರೀಖು. ಸೂರ್ಯ ಒಂದೇ, ಸಮುದ್ರ ಒಂದೇ. ಕೆಡುಕು ಯಾವ ಕ್ಯಾಲೆಂಡರ್ ನೋಡಿಕೊಂಡು ಬರಬೇಕಿತ್ತು?

ಈಗಿನ ಕ್ಯಾಲೆಂಡರ್ 400 ವರ್ಷಕ್ಕೊಮ್ಮೆ ವಾರಸಮೇತ ಮರುಕಳಿಸುತ್ತದೆ. ಅಷ್ಟರಲ್ಲಿ 4,800 ಹದಿಮೂರುಗಳು ಬರುತ್ತವೆ. ಮಂಗಳವಾರ ಬೀಳುವುದು 685, ಶುಕ್ರವಾರ 688. ಮುಂದಿನದನ್ನು ಹುಡುಕುವುದು ಸುಲಭ: ಯಾವ ತಿಂಗಳ ಒಂದನೇ ತಾರೀಖು ಗುರುವಾರವೋ ಆ ತಿಂಗಳ ಹದಿಮೂರು ಮಂಗಳವಾರ. 2026ರಲ್ಲಿ ಅಂಥವು ಎರಡು, ಜನವರಿ ಮತ್ತು ಅಕ್ಟೋಬರ್. ಸ್ಪ್ಯಾನಿಷ್‌ನಲ್ಲಿ ಮೊದಲು ವಾರ, ಆಮೇಲೆ ತಾರೀಖು, ತಿಂಗಳು, ವರ್ಷ. ಅಕ್ಟೋಬರಿನದು 'ಮಾರ್ತೆಸ್ ತ್ರೆಸೆ ದೆ ಒಕ್ತೂಬ್ರೆ'. ಮದುವೆಗೆ ಛತ್ರ ಬೇಕಿದ್ದರೆ ಅವತ್ತಿಗೇ ಬುಕ್ ಮಾಡಿ.